ಮಳೆಗೆ ಮುಂಚೆ ಮನೆ ಹಗುರ ಮಾಡಬೇಕು, ದಿನಕ್ಕೆ ಸಿಗೋದು ಅರ್ಧ ಗಂಟೆ. ಎಲ್ಲಿಂದ ಶುರು ಮಾಡಲಿ?

ಹೂಮಳೆ
ಕೊಡಗಿನ ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ನಮ್ಮದು ಹಳೇ ಹೆಂಚಿನ ಮನೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಕಾಫಿ ಕೊಯ್ಲು ಮುಗಿಯಿತು, ಕಾಫಿ ಹೂ ಅರಳಿಸೋ ಹೂಮಳೆಯೂ ಬಂತು. ಇನ್ನು ಜೂನ್ ಬಂದರೆ ಸೆಪ್ಟೆಂಬರ್‌ವರೆಗೆ ಏನೂ ಮಾಡೋಕೆ ಆಗಲ್ಲ, ನಿಮಗೆಲ್ಲ ಗೊತ್ತೇ ಇದೆ. ಪ್ರತಿ ವರ್ಷ ಜುಲೈ ಹೊತ್ತಿಗೆ ಬೀರು ತೆಗೆದರೆ ಬೂಷ್ಟು ವಾಸನೆ. ಬೆಲ್ಟು, ಶೂ, ಕೋಟು ಎಲ್ಲದರ ಮೇಲೂ ಬಿಳಿ ಪುಡಿ.

ಮನೆಯಲ್ಲಿ ಸಾಮಾನು ಜಾಸ್ತಿ ಆಗಿದೆ. ಮಾವನ ಅಪ್ಪನ ಕಾಲದ್ದು, ಮದುವೆಯಲ್ಲಿ ಬಂದ ಉಡುಗೊರೆಗಳು, ನಾದಿನಿ ಬಿಟ್ಟು ಹೋದ ಪುಸ್ತಕ, ಮಕ್ಕಳ ಸಣ್ಣದಾದ ಬಟ್ಟೆ. ನಾನು ಮಡಿಕೇರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಒಂದು ಕಪಾಟು ಖಾಲಿ ಮಾಡಿದರೆ ಅದರಲ್ಲಿದ್ದದ್ದು ಅಟ್ಟಕ್ಕೆ ಹೋಗುತ್ತದೆ. ಅಟ್ಟ ತುಂಬಿದರೆ ಸ್ಟೋರಿಗೆ, ಅಲ್ಲಿಂದ ಕೊಟ್ಟಿಗೆಗೆ. ಮನೆಯಿಂದ ಹೊರಗೆ ಹೋಗಿದ್ದು ಏನೂ ಇಲ್ಲ.

ಇಂಟರ್ನೆಟ್ಟಲ್ಲಿ ಇರೋ ಸಲಹೆ ಎಲ್ಲ ಫ್ಲಾಟ್‌ನವರಿಗೆ. ನಮ್ಮ ಕಡೆಯ ಮನೆಗೆ ಏನು ಮಾಡಬೇಕು ಹೇಳಿ.

ಬೆಂಗಳೂರು ಸೇರಿದವ
ದಿನಾ ಅರ್ಧ ಗಂಟೆ ಅಂದರೆ ಯಾವತ್ತೂ ಮುಗಿಯಲ್ಲ. ಎರಡು ದಿನ ರಜೆ ಹಾಕಿ, ಎಲ್ಲಾ ಸಾಮಾನು ಅಂಗಳಕ್ಕೆ ಸುರಿಯಿರಿ, ಬೇಕಾದ್ದು ಮಾತ್ರ ಒಳಗೆ ತನ್ನಿ. ನಾನು ಹಾಗೇ ಮಾಡಿದ್ದು.

ಕಣದ ಮೂಲೆ
ಎರಡು ಬೆಡ್‌ರೂಮ್ ಮನೆಗೆ ಅದು ಸರಿ. ಮೂರು ತಲೆಮಾರಿನ ಸಾಮಾನು ಅಂಗಳಕ್ಕೆ ಸುರಿದು, ಸಂಜೆ ನಾಲ್ಕಕ್ಕೆ ಒಂದು ಬೇಸಿಗೆ ಮಳೆ ಹೊಡೆದರೆ ಏನು ಮಾಡ್ತೀರಿ? ಏಪ್ರಿಲ್ ಮಳೆ ಹೇಳಿ ಕೇಳಿ ಬರಲ್ಲ.

ಹೂಮಳೆ ಅವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ತೆಗೆದದ್ದು ಅದೇ ದಿನ ಹೊರಗೆ ಹೋಗುತ್ತಿಲ್ಲ, ಅಷ್ಟೇ ಸಮಸ್ಯೆ. ಇಡೀ ಕಪಾಟು ಹಿಡಿಯಬೇಡಿ. ಒಂದು ಡ್ರಾಯರ್, ಒಂದು ಟ್ರಂಕ್, ಇಲ್ಲಾ ಕಪಾಟಿನ ಒಂದೇ ಖಾನೆ. ಇಪ್ಪತ್ತು ನಿಮಿಷ ತೆಗೆದು ವಿಂಗಡಿಸಿ, ಉಳಿದ ಹತ್ತು ನಿಮಿಷ ಸಾಗಿಸೋದಕ್ಕೆ ಇಟ್ಟುಕೊಳ್ಳಿ. ಕೊಡೋದು ಕಾರಿನ ಡಿಕ್ಕಿಗೆ ಹೋಗಬೇಕು, ಗುಜರಿಗೆ ಹೋಗೋದು ಗೇಟಿನ ಹತ್ತಿರದ ಚೀಲಕ್ಕೆ. ಅಟ್ಟದ ಏಣಿಯನ್ನೇ ತೆಗೆದು ಬೇರೆ ಕಡೆ ಇಡಿ. ತಮಾಷೆಗೆ ಹೇಳ್ತಿಲ್ಲ, ಏಣಿ ಕೈಗೆ ಸಿಗದಿದ್ದರೆ ಅಟ್ಟಕ್ಕೆ ಏರಿಸೋ ಆಸೆ ತಾನಾಗಿ ಕಡಿಮೆ ಆಗುತ್ತದೆ.

ಇನ್ನು ಎಲ್ಲಿಂದ ಶುರು ಅನ್ನೋದು. ಸಲಹೆ ಕೊಡುವವರು ಬಟ್ಟೆಯಿಂದ ಅಂತಾರೆ, ಅಡುಗೆ ಮನೆಯಿಂದ ಅಂತಾರೆ. ನಮ್ಮ ಊರಿಗೆ ನನ್ನ ಲೆಕ್ಕ ಬೇರೆ. ಯಾವುದು ಮೊದಲು ಬೂಷ್ಟು ಹಿಡಿಯುತ್ತದೋ ಅಲ್ಲಿಂದ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಕುಶಾಲನಗರದವರಿಗೆ ಅದರ ಅರ್ಧವೂ ಬೀಳಲ್ಲ, ಅವರ ಮನೆಯ ಕ್ರಮ ನಮಗೆ ಆಗಲ್ಲ. ಮಳೆ ಹೊಡೆಯುವ ಪಡುವಣ ಗೋಡೆಗೆ ಒರಗಿದ ಬೀರು, ಚರ್ಮದ ಸಾಮಾನು, ಕಾಗದ, ರೇಷ್ಮೆ, ಉಣ್ಣೆ. ಇವು ಮೊದಲು. ಪಾತ್ರೆ ಪಗಡೆ ಮಳೆಗಾಲದಲ್ಲೂ ಮಾಡಬಹುದು, ಸ್ಟೀಲಿಗೆ ಬೂಷ್ಟು ಬರಲ್ಲ.

ಹೋಂಸ್ಟೇ ಅಕ್ಕ
ಬೀರು ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಡಿ. ಕಾಲ ಕೆಳಗೆ ಮರದ ತುಂಡು ಕೊಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ರಾತ್ರಿ ಪಾಳಿ
ನುಸಿಗುಳಿಗೆ ಹಾಕಿದರೆ ಬೂಷ್ಟು ಬರಲ್ಲ ಅಂತ ಸುಮಾರು ಜನ ನಂಬಿದ್ದಾರೆ. ಅದು ಹುಳಕ್ಕೆ ಮಾತ್ರ. ಬೂಷ್ಟಿಗೆ ಬೇಕಾಗಿರೋದು ತೇವ, ತೇವ ಹೋದರೆ ಅದು ಹೋಗುತ್ತದೆ. ಬೀರು ತುಂಬಿ ತುಳುಕುತ್ತಿದ್ದರೆ ಒಳಗೆ ಗಾಳಿ ಆಡಲ್ಲ. ಹಾಗಾಗಿ ಬಟ್ಟೆ ಕಡಿಮೆ ಮಾಡೋದೇ ದೊಡ್ಡ ಔಷಧಿ. ಬೀರಿನ ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬಟ್ಟೆಯ ಬಿಸಿ ಆರಿದ ಮೇಲೆ ಒಳಗಿಡಿ. ರೇಷ್ಮೆ ಸೀರೆಯನ್ನು ಮಾತ್ರ ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ನೆರಳಲ್ಲಿ ಗಾಳಿಗೆ ಹರಡಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಬೀರಿನೊಳಗೆ ಬಲ್ಬ್ ಉರಿಸಿ ಇಡೋ ಅಭ್ಯಾಸ ನಮ್ಮ ಕಡೆ ಕೆಲವರಿಗೆ ಇದೆ. ಬಟ್ಟೆಗೆ ತಾಗಿ ಬೆಂಕಿ ಹತ್ತುವ ಅಪಾಯ ಇದೆ, ಯಾರೂ ಮಾಡಬೇಡಿ.

ಹೂಮಳೆ
ಇಷ್ಟು ಬೇಗ ಇಷ್ಟು ಉತ್ತರ! ಪಡುವಣ ಗೋಡೆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನಮ್ಮ ಬೀರು ಅಲ್ಲೇ ಇದೆ. ಆದರೆ ದೊಡ್ಡ ತಲೆನೋವು ಬಟ್ಟೆ ಅಲ್ಲ. ಏನು ತೆಗೆದರೂ ಅತ್ತೆ "ಇರಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ" ಅಂತಾರೆ. ಗೇಟಿನ ಹತ್ತಿರ ಇಟ್ಟ ಚೀಲ ಬೆಳಗ್ಗೆ ನೋಡಿದರೆ ಅರ್ಧ ಖಾಲಿ, ಸಾಮಾನು ವಾಪಸ್ ಒಳಗೆ.

ಪೊನ್ನಂಪೇಟೆ ಅಜ್ಜಿ
ನಾನು ಅತ್ತೆ ಪಕ್ಷ. ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ನನ್ನ ಸೊಸೆಯೂ ಇದನ್ನೇ ಶುರು ಮಾಡಿದ್ದಳು. ಬಿಸ್ಕತ್ತಿನ ತಗಡು ಡಬ್ಬ ಎಸೆಯೋಕೆ ಹೊರಟಳು. ಅದರೊಳಗೆ ನನ್ನ ಗುಂಡಿ, ಸೂಜಿ, ಗಂಡಸರು ಹಾಕೋ ಕುಪ್ಯದ ನಡುಪಟ್ಟಿಗೆ ಹೊಲಿಯೋ ದಾರ ಎಲ್ಲ ಇತ್ತು. ಮುಚ್ಚಳ ತೆಗೆದು ನೋಡಬೇಕು ಅನ್ನೋದೂ ಬೇಡವಾ? ನಮ್ಮ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆಯಿಂದ ಉಪ್ಪಿನವರೆಗೆ ಕೂಡಿಟ್ಟುಕೊಳ್ಳಬೇಕಿತ್ತು. ದಾರಿ ಕಟ್ಟಾದರೆ ವಾರಗಟ್ಟಲೆ ಪೇಟೆ ಕಾಣುತ್ತಿರಲಿಲ್ಲ. ಕೂಡಿಡದ ಮನೆಯವರು ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಪಕ್ಕದ ಮನೆಗೆ ಕೇಳೋಕೆ ಹೋಗುತ್ತಿದ್ದರು. ಆ ಅಭ್ಯಾಸ ಕೈಯಿಂದ ಹೋಗಲ್ಲಮ್ಮ.

ನಿಮ್ಮ ಅತ್ತೆಯ ಸಾಮಾನು ನೀವು ಮುಟ್ಟಬೇಡಿ. ಮೊದಲು ನಿಮ್ಮದು, ನಿಮ್ಮ ಗಂಡನದು, ಮಕ್ಕಳದು ಮಾಡಿ. ಅವರು ನೋಡಲಿ. ಆಮೇಲೆ ಒಂದು ದಿನ ಅವರ ಒಂದು ಪೆಟ್ಟಿಗೆ ತಂದು ಅವರ ಮುಂದೆ ಇಟ್ಟು, ಪಕ್ಕದಲ್ಲಿ ಕೂತುಕೊಳ್ಳಿ. "ಇದು ಯಾರಿಗೆ ಕೊಡೋಣ" ಅಂತ ಕೇಳಿ. "ಎಸೆಯೋಣವಾ" ಅಂತ ಕೇಳಿದರೆ ನಾನೂ ಬೇಡ ಅಂತೀನಿ. ಯಾರಿಗೆ ಅಂದರೆ ಹೆಸರು ಹುಡುಕ್ತೀನಿ. ನನ್ನ ಕಂಚಿನ ತಟ್ಟೆಗಳನ್ನೆಲ್ಲ ಹಾಗೇ ಒಬ್ಬೊಬ್ಬರಿಗೆ ಕೊಟ್ಟುಬಿಟ್ಟೆ. ಬದುಕಿದ್ದಾಗಲೇ ಕೊಟ್ಟರೆ ಅವರು ಅದರಲ್ಲಿ ಉಣ್ಣೋದನ್ನೂ ನೋಡಬಹುದು.

ಬೆಂಗಳೂರು ಸೇರಿದವ
ಅಜ್ಜಿಗೆ ನಮಸ್ಕಾರ. ನನ್ನ ಎರಡು ದಿನದ ಪ್ಲಾನ್ ವಾಪಸ್ ತಗೊಂಡೆ.

ಕಣದ ಮೂಲೆ
ಅಜ್ಜಿಯ ಮಾತಿಗೆ ಒಂದು ಸೇರಿಸ್ತೀನಿ. ಐನ್‌ಮನೆಯ ಸಾಮಾನು, ಅಂದರೆ ಮನೆತನದ ಮೂಲ ಮನೆಯದ್ದು, ಆಗಿದ್ದರೆ ಅದು ಒಕ್ಕದ (ಮನೆತನದ) ಎಲ್ಲರಿಗೂ ಸೇರಿದ್ದು. ತೂಗುದೀಪ, ಹಳೇ ಪೆಟ್ಟಿಗೆ, ಕೆತ್ತನೆಯ ಬಾಗಿಲು, ಇವನ್ನು ಒಬ್ಬರೇ ಕೂತು ತೀರ್ಮಾನ ಮಾಡೋಕೆ ಬರಲ್ಲ. ಹಳೇ ಮರದ ಸಾಮಾನು ಕೇಳಿಕೊಂಡು ವ್ಯಾನಿನಲ್ಲಿ ಬರುವವರು ಇದ್ದಾರೆ. ಅರ್ಧ ಗಂಟೆಯ ಅವಸರದಲ್ಲಿ ಅವರಿಗೆ ಏನೂ ಕೊಡಬೇಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಸೇರುತ್ತಾರಲ್ವಾ, ಆಗ ಮಾತಾಡಿ.

ಹಾಗೇ ಯಾರ ಮನೆಯ ಅಟ್ಟದಲ್ಲಾದರೂ ಹಳೇ ಕೋವಿ ಸಿಕ್ಕರೆ ಅದು ಗುಜರಿಯ ಸಾಮಾನಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರೋದು ಲೈಸೆನ್ಸಿನಿಂದ ವಿನಾಯಿತಿ. ಯಾರಿಗೆ ಬೇಕಾದರೂ ಮಾರಬಹುದು, ಕೊಡಬಹುದು ಅಂತ ಅದರ ಅರ್ಥ ಅಲ್ಲ. ತುಕ್ಕು ಹಿಡಿದಿದ್ದರೂ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಸುಂಟಿಕೊಪ್ಪ ಗುಜರಿ
ನಾನು ಗುಜರಿ ವ್ಯಾಪಾರದವನು. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ.

ಪೇಪರ್, ಪುಸ್ತಕ ಮಳೆಗೆ ಮುಂಚೆ ಕೊಡಿ. ಒದ್ದೆ ಪೇಪರಿಗೆ ರೇಟಿಲ್ಲ. ತೂಕ ಜಾಸ್ತಿ ಬರುತ್ತೆ ಅಂತ ಕೆಲವರು ಕಾಯ್ತಾರೆ, ನಮಗೇನು ಗೊತ್ತಾಗಲ್ವಾ? ರಟ್ಟಿನ ಪೆಟ್ಟಿಗೆಯಲ್ಲಿ ಏನೂ ಕೂಡಿಡಬೇಡಿ. ರಟ್ಟು ತೇವ ಹೀರಿಕೊಳ್ಳುತ್ತೆ, ಗೆದ್ದಲಿಗೂ ಅದೇ ಬೇಕು. ಮಡಚಿ ನಮಗೆ ಕೊಟ್ಟುಬಿಡಿ.

ಇನ್ವರ್ಟರ್ ಬ್ಯಾಟರಿ ಹಳೇದಾದರೆ ಬಿಚ್ಚಬೇಡಿ. ಒಳಗೆ ಆಸಿಡ್, ಸೀಸ ಇರುತ್ತೆ. ಹೊಸದು ತಗೊಳ್ಳುವಾಗ ಅಂಗಡಿಯವರೇ ಹಳೇದನ್ನ ವಾಪಸ್ ತಗೊಂಡು ಬೆಲೆ ಇಳಿಸ್ತಾರೆ. ಹಳೇ ಟಿವಿ ತಂದು ಕೊಟ್ಟರೂ ನಾವು ಒಡೆಯಬಾರದು, ಅದು ಇ-ತ್ಯಾಜ್ಯ. ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು ಅಂತ ನಿಯಮ ಇದೆ.

ಮುಖ್ಯವಾಗಿ ಇದು. ತೋಟದ ಸ್ಟೋರಿನಲ್ಲಿರೋ ಔಷಧಿ ಡಬ್ಬಗಳನ್ನ ಮನೆ ಗುಜರಿ ಜೊತೆ ಸೇರಿಸಿ ತರಬೇಡಿ. ಎಷ್ಟೋ ಮನೆಯವರು ತರ್ತಾರೆ. ನಮ್ಮ ಹುಡುಗರು ಬರಿಗೈಯಲ್ಲಿ ಮುಟ್ಟೋದು.

ಕಣದ ಮೂಲೆ
ಗುಜರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಈ ಚರ್ಚೆಯಲ್ಲಿ ಎಲ್ಲರೂ ಬೀರು, ಅಡುಗೆ ಮನೆ ಅಂತೀರಿ. ತೋಟ ಇರುವವರ ಮನೆಯಲ್ಲಿ ನಿಜವಾದ ರಾಶಿ ಇರೋದು ಸ್ಟೋರಿನಲ್ಲಿ. ಅದಕ್ಕೆ ಯಾರೂ ಕೈ ಹಾಕಲ್ಲ.

ನಮ್ಮ ಸ್ಟೋರಿನ ಹಿಂದಿನ ಸಾಲಿನಲ್ಲಿ ಎಂಡೋಸಲ್ಫಾನ್ ಬಾಟಲಿ ಸಿಕ್ಕಿತು, ಅರ್ಧ ತುಂಬಿದ್ದು. ಹಿಂದೆ ಕಾಫಿಯ ಕಾಯಿಕೊರಕ ಹುಳಕ್ಕೆ ಹೊಡೆಯುತ್ತಿದ್ದ ಕೀಟನಾಶಕ. 2011ರಲ್ಲೇ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು. ಅಷ್ಟು ವರ್ಷದಿಂದ ಮಕ್ಕಳ ಹಳೇ ಸೈಕಲ್ ಪಕ್ಕದಲ್ಲೇ ಕೂತಿತ್ತು. ಇಂಥದ್ದು ಸಿಕ್ಕರೆ ತೋಡಿಗೆ (ಹಳ್ಳಕ್ಕೆ) ಸುರಿಯಬೇಡಿ. ಮೀನು ಉಳಿಯಲ್ಲ, ಮತ್ತೆ ನಮ್ಮ ತೋಡುಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಕಾವೇರಿಗೇ ಸೇರೋದು. ಗುಂಡಿ ತೋಡಿ ಹೂಳೋದೂ ಬೇಡ. ಮುಚ್ಚಳ ಬಿಗಿ ಮಾಡಿ, ಬೀಗ ಹಾಕುವ ಕಡೆ ಬೇರೆ ಇಟ್ಟು, ಕೃಷಿ ಇಲಾಖೆಯಲ್ಲೋ ಕಾಫಿ ಮಂಡಳಿಯ ಸಂಪರ್ಕ ಕಚೇರಿಯಲ್ಲೋ ಕೇಳಿ.

ಖಾಲಿ ಡಬ್ಬ ಆದರೆ ಮೂರು ಸಲ ನೀರು ಹಾಕಿ ಕುಲುಕಿ ತೊಳೆಯಬೇಕು. ಆ ನೀರು ಸಿಂಪಡಿಸುವ ಟ್ಯಾಂಕಿಗೇ ಹೋಗಬೇಕು. ಆಮೇಲೆ ಡಬ್ಬಕ್ಕೆ ತೂತು ಹೊಡೆಯಿರಿ, ಇಲ್ಲದಿದ್ದರೆ ಯಾರಾದರೂ ನೀರು ತುಂಬಿಸೋಕೆ ತಗೊಂಡು ಹೋಗ್ತಾರೆ. ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಇದನ್ನ ಕಣ್ಣಾರೆ ನೋಡಿದ್ದೇನೆ.

ಗೋಣಿಚೀಲ ಇನ್ನೊಂದು. ಮುಂದಿನ ಕೊಯ್ಲಿಗೆ ಎಷ್ಟು ಬೇಕೋ ಅಷ್ಟು ಒಣಗಿಸಿ, ಹಗ್ಗಕ್ಕೆ ನೇತು ಹಾಕಿ. ಹರಿದದ್ದನ್ನೂ ಮಡಚಿಡೋದು ಇಲಿಗೆ ಹಾಸಿಗೆ ಹಾಸಿದ ಹಾಗೆ. ತೋಟಕ್ಕೆ ಹೊಡೆಯೋ ಮೈಲುತುತ್ತು, ಸುಣ್ಣ ಮನೆಯೊಳಗೆ ಇಟ್ಟಿದ್ದರೆ ಇವತ್ತೇ ಸ್ಟೋರಿಗೆ ಸಾಗಿಸಿ.

ರಾತ್ರಿ ಪಾಳಿ
ಮನೆಯ ಔಷಧಿ ಡಬ್ಬದ್ದೂ ಇದೇ ಕಥೆ. ಅರ್ಧ ಗಂಟೆಯ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ದಿನಾಂಕ ನೋಡಿ ಬೇರೆ ಮಾಡಿ. ಅರ್ಧ ಕುಡಿದು ಬಿಟ್ಟ ಆಂಟಿಬಯೋಟಿಕ್ ಸಿರಪ್ ಇಟ್ಟುಕೊಳ್ಳಬೇಡಿ, ಕಲಸಿದ ಮೇಲೆ ಅದಕ್ಕೆ ಆಯಸ್ಸು ಕಡಿಮೆ. 2016ರ ಘನತ್ಯಾಜ್ಯ ನಿಯಮದಲ್ಲೇ ಅವಧಿ ಮೀರಿದ ಔಷಧಿ, ಟ್ಯೂಬ್‌ಲೈಟ್, ಬ್ಯಾಟರಿ, ಸೂಜಿ, ಒಡೆದ ಥರ್ಮಾಮೀಟರ್ ಎಲ್ಲ ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ದರು. ಹಸಿ, ಒಣ ಕಸದ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ಕೊಡಬೇಕು. ಇನ್ಸುಲಿನ್ ಸೂಜಿ ಗಟ್ಟಿ ಡಬ್ಬದಲ್ಲಿ ಹಾಕಿ ಮುಚ್ಚಿ ಕೊಡಿ. ಕಸ ಎತ್ತುವ ಹೆಂಗಸರ ಕೈಗೆ ಚುಚ್ಚಿಸಿಕೊಂಡು ಬಂದದ್ದನ್ನು ಆಸ್ಪತ್ರೆಯಲ್ಲಿ ನಾವು ನೋಡುತ್ತಲೇ ಇರುತ್ತೇವೆ.

ಹಳೇ ಸುಬೇದಾರ
ಕೊಡಗಿನಲ್ಲಿ ಸೈನ್ಯದ ಕಪ್ಪು ಟ್ರಂಕ್ ಇಲ್ಲದ ಮನೆ ಯಾವುದು? ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹೆಸರು. ನನ್ನ ಹತ್ತಿರ ನನ್ನದೂ ಇದೆ, ನಮ್ಮ ತಂದೆಯದೂ ಇದೆ.

ಟ್ರಂಕ್ ಒಳ್ಳೆಯದೇ, ಅದನ್ನು ಕೊಡಬೇಡಿ. ಒಳಗೆ ಏನಿದೆ ನೋಡಿ. ಹಳೇ ಸಮವಸ್ತ್ರವನ್ನು ಯಾರಿಗೋ ಕೆಲಸಕ್ಕೆ ಹಾಕಿಕೊಳ್ಳಲಿ ಅಂತ ಕೊಡಬೇಡಿ. ಸೈನಿಕನಲ್ಲದವನು ಸೈನಿಕ ಅಂತ ನಂಬಿಸೋಕೆ ಅದನ್ನ ಹಾಕಿಕೊಂಡರೆ ಅಪರಾಧ. ಬಿಲ್ಲೆ, ಗುಂಡಿ ಕಿತ್ತು, ಬಟ್ಟೆ ಕತ್ತರಿಸಿ ಒರೆಸೋ ಬಟ್ಟೆ ಮಾಡಿಕೊಳ್ಳಿ. ಪಿಂಚಣಿ ಆದೇಶದ ಕಾಗದ, ಬಿಡುಗಡೆ ಪುಸ್ತಕ, ಪದಕ ಇವು ಒಂದೇ ಕಡೆ ಇರಲಿ. ನಾನು ಹೋದ ಮೇಲೆ ನನ್ನ ಹೆಂಡತಿಗೆ ಬೇಕಾಗೋದು ಇವೇ. ಉಳಿದ ಕಾಗದ ಪತ್ರ ಮಕ್ಕಳು ನೋಡಿಕೊಳ್ಳಲಿ.

ಇನ್ನು ಮಿಲಿಟರಿ ಕ್ಯಾಂಟೀನ್ ಸಾಮಾನು. ಸೋಪು, ಶಾಂಪೂ ಕಡಿಮೆ ಬೆಲೆಗೆ ಸಿಗುತ್ತೆ ಅಂತ ತಂದು ತಂದು ಪೇರಿಸಿಟ್ಟಿದ್ದೆವು. ಈಗ ಮನೆಯಲ್ಲಿರೋದು ಮುಗಿಯೋವರೆಗೆ ಪಟ್ಟಿಯಲ್ಲಿ ಬರೆಯೋಕೆ ನನ್ನ ಮಗಳು ಬಿಡ್ತಿಲ್ಲ. ರಮ್ ಮಾತ್ರ ಆ ಕಾನೂನಿಗೆ ಒಳಪಡಲ್ಲ.

ಬೆಂಗಳೂರು ಸೇರಿದವ
ನಮ್ಮ ಮನೆಯಲ್ಲಿ ಹಾಕಿ ಸ್ಟಿಕ್. ಮುರಿದದ್ದೂ ಇದೆ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಮೊದಲ ಸಲ ಆಯ್ತಲ್ಲ, ಆವಾಗಿನ ಟೀಶರ್ಟ್ ನಮ್ಮ ಚಿಕ್ಕಪ್ಪ ಇನ್ನೂ ಇಟ್ಟುಕೊಂಡಿದ್ದಾರೆ. ತೂತು ಬಿದ್ದು ಜಾಲರಿ ಆಗಿದೆ. ಅದನ್ನ ಕೇಳೋ ಧೈರ್ಯ ಯಾರಿಗೂ ಇಲ್ಲ.

ಹಳೇ ಸುಬೇದಾರ
ಅದು ಇರಲಿ ಬಿಡಿ. ಫ್ರೇಮ್ ಹಾಕಿಸಿ.

ಹೂಮಳೆ
ಕಾಗದದ ಬಗ್ಗೆ ಕೇಳಬೇಕು ಅಂತಿದ್ದೆ. ಮಾವನ ಮರದ ಪೆಟ್ಟಿಗೆ ತುಂಬ ರಸೀದಿಗಳು. ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಕಾಲದ್ದು ಕೂಡ ಇದೆ. ಯಾವುದು ಇಡಬೇಕು, ಯಾವುದು ಬೇಡ?

ಕಣದ ಮೂಲೆ
ಪೂಲ್ ಪದ್ಧತಿ 1996ಕ್ಕೆ ಪೂರ್ತಿ ಮುಗಿದ ಕಥೆ. ಅದರ ರಸೀದಿಯಿಂದ ಈಗ ಯಾವ ಹಣವೂ ಬರಲ್ಲ. ನೆನಪಿಗೆ ಚೆನ್ನಾಗಿರೋ ಒಂದೆರಡು ಇಟ್ಟುಕೊಂಡು ಉಳಿದದ್ದು ಬಿಡಿ.

ಜಮೀನಿನ ಕಾಗದ ಮಾತ್ರ ಒಂದನ್ನೂ ಎಸೆಯಬೇಡಿ. ಪಹಣಿ ಈಗ ಭೂಮಿ ತಂತ್ರಾಂಶದಲ್ಲಿ ಸಿಗುತ್ತೆ, ಅದರ ಹಳೇ ಪ್ರತಿ ಹೋದರೂ ಪರವಾಗಿಲ್ಲ. ಆದರೆ ಪಾಲುಪಟ್ಟಿ, ಕ್ರಯಪತ್ರ, ಜಮ್ಮಾ ಸಂಬಂಧದ ಹಳೇ ಆದೇಶ, ಸರ್ವೆ ನಕ್ಷೆ ಇವುಗಳ ಮೂಲ ಪ್ರತಿ ಬೇಕೇ ಬೇಕು. ಓದೋಕೆ ಬರದ ಹಳೇ ಕಾಗದವನ್ನು ಓದೋಕೆ ಬರೋರಿಗೆ ತೋರಿಸೋವರೆಗೆ ಪಕ್ಕಕ್ಕಿಡಿ.

ಮಕ್ಕಂದೂರಿನವಳು
ಕಾಗದದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಆಗಸ್ಟ್ 2018ರಲ್ಲಿ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದವರು. ಹಿಂದಿನ ಗುಡ್ಡ ಜಾರಿ ಮನೆಯ ಅರ್ಧ ಹೋಯಿತು. ಆಮೇಲೆ ಪರಿಹಾರಕ್ಕೆ, ಬ್ಯಾಂಕಿಗೆ, ಮಕ್ಕಳ ಶಾಲೆಗೆ ಎಲ್ಲ ಕಡೆ ಕಾಗದ ಕೇಳಿದರು. ಆಧಾರ್ ಮತ್ತೆ ತೆಗೆಸಬಹುದು. ಅಮ್ಮನ ಬ್ಯಾಂಕ್ ಪುಸ್ತಕ ಯಾವ ಶಾಖೆಯದು ಅನ್ನೋದೇ ಗೊತ್ತಿರಲಿಲ್ಲ.

ಮನೆ ಒಪ್ಪ ಮಾಡೋದರಲ್ಲಿ ಮೊದಲನೇ ಅರ್ಧ ಗಂಟೆ ಇದಕ್ಕೆ ಕೊಡಿ. ನೀರು ಹೋಗದ ಒಂದು ಚೀಲ. ಮೂಲ ಕಾಗದ, ದಿನಾ ತಗೊಳ್ಳೋ ಮಾತ್ರೆಯ ಚೀಟಿ, ಸ್ವಲ್ಪ ಹಣ, ಮುಖ್ಯ ಫೋನ್ ನಂಬರ್ ಬರೆದ ಹಾಳೆ, ಟಾರ್ಚ್. ಬಾಗಿಲ ಹತ್ತಿರ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ. ಎಲ್ಲದರ ಫೋಟೋ ತೆಗೆದು ಬೇರೆ ಊರಲ್ಲಿರುವವರಿಗೆ ಕಳಿಸಿಡಿ. ಡಿಜಿಲಾಕರ್‌ನಲ್ಲಿ ಸಿಗುವ ದಾಖಲೆಗಳು ಅಲ್ಲಿರಲಿ.

ಇನ್ನೊಂದು ವಿಷಯ. ಆವಾಗ ನಮ್ಮ ಶಿಬಿರಕ್ಕೆ ಬಟ್ಟೆ ರಾಶಿ ರಾಶಿ ಬಂತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅದರಲ್ಲಿ ಜಿಪ್ ಹೋದ ಪ್ಯಾಂಟ್, ಕಲೆ ಬಿದ್ದ ಒಳಉಡುಪು, ಒಂದೇ ಕಾಲಿನ ಚಪ್ಪಲಿ ಎಲ್ಲ ಇತ್ತು. ವಿಂಗಡಿಸೋಕೆ ಹತ್ತಾರು ಜನ ಕೂರಬೇಕಾಯಿತು. ನೀವು ಹಾಕಿಕೊಳ್ಳದ್ದನ್ನು ಕೊಡಿ, ಹಾಕಿಕೊಳ್ಳೋಕೆ ಆಗದ್ದನ್ನು ಕೊಡಬೇಡಿ. ಒಗೆದು, ಅಳತೆ ಬರೆದು, ಯಾರಿಗೆ ಬೇಕು ಅಂತ ಮೊದಲು ಕೇಳಿ ಕೊಡಿ.

ಹೋಂಸ್ಟೇ ಅಕ್ಕ
ಹರಿದ ಹತ್ತಿ ಬಟ್ಟೆ ಇದ್ದರೆ ಗ್ಯಾರೇಜಿನವರು ತಗೊಳ್ತಾರೆ. ಹಳೇ ಬೆಡ್‌ಶೀಟ್, ಟವೆಲನ್ನು ಬೀದಿನಾಯಿ ಸಾಕುವವರು ಕೇಳ್ತಾರೆ. ನಾನು ಪ್ರತಿ ವರ್ಷ ಕೊಡೋದು ಹಾಗೇ.

ಹೂಮಳೆ
ಮಕ್ಕಂದೂರಿನವರೇ, ನಿಮ್ಮ ಮಾತು ಓದಿ ಎದ್ದು ಹೋಗಿ ಚೀಲ ಮಾಡಿಟ್ಟೆ. ಅತ್ತೆಯೂ ಸೇರಿಕೊಂಡರು. ಅವರ ಪಾಸ್‌ಬುಕ್ ಎಲ್ಲಿತ್ತು ಗೊತ್ತಾ? ಅಕ್ಕಿ ಡಬ್ಬದೊಳಗೆ.

ಇಷ್ಟರಲ್ಲಿ ಆಗಿದ್ದು ಇಷ್ಟು. ಪಡುವಣ ಗೋಡೆಯ ಬೀರು ಎಳೆದು ಮುಂದಿಟ್ಟೆವು. ಹಿಂದಿನ ಗೋಡೆ ಕಪ್ಪಾಗಿತ್ತು, ತೊಳೆದು ಸುಣ್ಣ ಬಳಿದೆವು. ಗಂಡನ ಹಳೇ ಶರ್ಟುಗಳು ಹೋದವು. ಅಟ್ಟದ ಏಣಿ ಈಗ ಕೊಟ್ಟಿಗೆಯಲ್ಲಿದೆ. ಗಾಜಿನ ಫ್ರೇಮಿಗೆ ಅಂಟಿಕೊಂಡ ಎರಡು ಹಳೇ ಫೋಟೋ ಸಿಕ್ಕಿವೆ. ಎಳೆಯಲಾ?

ರಾತ್ರಿ ಪಾಳಿ
ಬೇಡ! ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಹಿಡಿದಿರುತ್ತೆ. ಎಳೆದರೆ ಮುಖವೇ ಕಿತ್ತು ಬರುತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಮತ್ತೆ ಫೋಟೋ ಕೆಲಸ ಕೊನೆಗೆ ಇಟ್ಟುಕೊಳ್ಳಿ, ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಏಳೋಕೆ ಆಗಲ್ಲ. ಕಕ್ಕಡದ ಸಂಜೆಗೆ ಅದು ಸರಿ. ಆ ತಿಂಗಳು ಮಾಡೋ ಮದ್ದುಸೊಪ್ಪಿನ ಪಾಯಸ ತಿನ್ನುತ್ತಾ ಎಲ್ಲರೂ ಕೂತು ಹೆಸರು ಬರೆಯಬಹುದು.

ಹೂಮಳೆ
ಸರಿ, ಹಾಗೇ ಇಡ್ತೀನಿ. ಅಡುಗೆ ಮನೆಯದ್ದು ಒಂದು ಪ್ರಶ್ನೆ. ಕಾಚಂಪುಳಿ (ಅಡುಗೆಗೆ ಹಾಕೋ ಕಪ್ಪು ಹುಳಿರಸ) ಬಾಟಲಿಗಳು ಸಾಲಾಗಿ ಇವೆ. ಕೆಲವು ನಾನು ಮದುವೆಯಾಗಿ ಬರೋಕೂ ಮುಂಚಿನವು. ಹಬೆಯಲ್ಲಿ ಬೇಯಿಸೋ ಸೇಕಲ ಪಾತ್ರೆ ಮೂರು, ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳು ಎರಡು. ಒಂದು ಒರಳು ಯಾರೂ ಮುಟ್ಟಿ ವರ್ಷಗಳಾಯಿತು.

ಪೊನ್ನಂಪೇಟೆ ಅಜ್ಜಿ
ಕಾಚಂಪುಳಿ ಕೆಡಲ್ಲ. ಎಸೆದರೆ ನಾನೇ ಗಾಳಿಬೀಡಿಗೆ ಬರ್ತೀನಿ. ಸಣ್ಣ ಬಾಟಲಿಗಳದ್ದನ್ನು ಒಂದು ದೊಡ್ಡ ಗಾಜಿನ ಬಾಟಲಿಗೆ ಸೋಸಿ ಹಾಕಿ, ಜಾಗ ಉಳಿಯುತ್ತೆ. ತಗಡಿನ ಮುಚ್ಚಳ ಬೇಡ, ಹುಳಿ ತಿಂದುಬಿಡುತ್ತೆ. ಸೇಕಲ ಮನೆಗೆ ಒಂದು, ಹಬ್ಬಕ್ಕೆ ಒಂದು. ಮೂರನೇದು ಕೊಡಬಹುದು.

ಬೆಂಗಳೂರು ಸೇರಿದವ
ಹೂಮಳೆ ಅವರೇ, ಮುಟ್ಟದ ಆ ಒರಳು ಕೊಡೋದಾದರೆ ನನಗೆ ಬೇಕು. ಇಲ್ಲಿ ಸಿಗೋ ಸ್ಟೀಲಿನದರಲ್ಲಿ ನೂಪುಟ್ಟು ಸರಿ ಬರ್ತಿಲ್ಲ. ಮುಂದಿನ ಶುಕ್ರವಾರ ಊರಿಗೆ ಬರ್ತೀನಿ, ಮಡಿಕೇರಿ ಸಂತೆ ಹತ್ತಿರ ಸಿಕ್ಕಿದರೂ ಆಯ್ತು.

ಹೂಮಳೆ
ಅತ್ತೆಯನ್ನು ಕೇಳಿದೆ. ಅಜ್ಜಿ ಹೇಳಿದ ಹಾಗೆ "ಯಾರಿಗೆ ಕೊಡೋಣ" ಅಂತಲೇ ಕೇಳಿದೆ. "ಆ ಹುಡುಗ ಯಾರ ಮನೆಯವನು, ನೂಪುಟ್ಟಿಗೆ ಏನು ಕೂಟು ಮಾಡ್ತಾನೆ" ಅಂತ ವಾಪಸ್ ಕೇಳ್ತಿದ್ದಾರೆ. ಉತ್ತರ ಬರೆಯಿರಿ, ಆಮೇಲೆ ಹೇಳ್ತಾರಂತೆ.

ಬೆಂಗಳೂರು ಸೇರಿದವ
ಕೋಳಿ ಸಾರು. ಮನೆತನದ ವಿಷಯ ಫೋನಲ್ಲಿ ಹೇಳ್ತೀನಿ ಅಂತ ಹೇಳಿ.